ಸಿದ್ರಾಮಪ್ಪ ಸರ್ ಮತ್ತು ಉಳಿದ ಅರ್ಧ

ಪ್ರತಿಯೊಬ್ಬ ಮೇಷ್ಟರಿಗೂ ಕಂಡರೂ ಕಾಣದಂತೆ ಹೋಗುವ ಒಂದು ಪಾಠ ಇದ್ದೇ ಇರುತ್ತದೆ. ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಗದ್ದಲದಲ್ಲಿ ದೂರದ ನೆಂಟರೊಬ್ಬರು ಎದುರಿಗೆ ಬರುವುದು ಕಾಣುತ್ತದೆ. ಮಾತಿಗೆ ನಿಂತರೆ ಬಿಡುವುದಿಲ್ಲವೆಂದು ನಾವು ತಟ್ಟನೆ ಬಟ್ಟೆ ಅಂಗಡಿಯೊಳಗೆ ನುಗ್ಗಿ, ಬೇಡದ ಸೀರೆಯೊಂದನ್ನು ಬಿಚ್ಚಿಸಿ ನೋಡುತ್ತ ನಿಲ್ಲುತ್ತೇವೆ. ಪಾಠಗಳ ವಿಷಯದಲ್ಲೂ ಹಾಗೆಯೇ. ನಾನು ಭೌತಶಾಸ್ತ್ರ ಕಲಿಸುವವಳು. ನಾನು ತಪ್ಪಿಸಿಕೊಂಡು ತಿರುಗುತ್ತಿದ್ದ ನೆಂಟನ ಹೆಸರು ಕ್ವಾಂಟಂ ಹಾರ್ಮೋನಿಕ್ ಆಸಿಲೇಟರ್. ಹೆಸರು ಕೇಳಿ ಗಾಬರಿಯಾಗಬೇಡಿ. ಸ್ಪ್ರಿಂಗಿಗೆ ಕಟ್ಟಿದ ಗುಂಡು ಆಚೆ ಈಚೆ ತೂಗಾಡುತ್ತದಲ್ಲ, ಅದೇ. ಅದನ್ನು ಅಣುವಿನಷ್ಟು ಕುಗ್ಗಿಸಿದಾಗ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದೇ ಪಾಠ. ದೊಡ್ಡ ಗುಂಡು ಎಷ್ಟು ಜೋರಾಗಿಯಾದರೂ ತೂಗಬಹುದು, ಎಷ್ಟು ಮೆಲ್ಲಗಾದರೂ ತೂಗಬಹುದು. ಅಣುವಿಗೆ ಆ ಸ್ವಾತಂತ್ರ್ಯ ಇಲ್ಲ. ಅದರ ಶಕ್ತಿಗೆ ಏಣಿಯ ಮೆಟ್ಟಿಲುಗಳಂತೆ ನಿಗದಿಯಾದ ಮಟ್ಟಗಳಿವೆ. ಈ ಮೆಟ್ಟಿಲಿನಲ್ಲಿರಬಹುದು, ಇಲ್ಲವೇ ಮೇಲಿನದರಲ್ಲಿರಬಹುದು, ನಡುವೆ ಕಾಲಿಡುವಂತಿಲ್ಲ. ಮೆಟ್ಟಿಲಿಂದ ಮೆಟ್ಟಿಲಿಗೆ ಅಂತರ ಒಂದೇ. ಇಲ್ಲಿಯವರೆಗೆ ಹೇಗೋ ಒಪ್ಪಿಕೊಳ್ಳಬಹುದು. ಆದರೆ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು ನೆಲದ ಮೇಲಿಲ್ಲ. ನೆಲದಿಂದ ಅರ್ಧ ಮೆಟ್ಟಿಲಿನಷ್ಟು ಎತ್ತರದಲ್ಲಿದೆ. ಅಂದರೆ ಆ ಕಣ ಪೂರ್ತಿ ಸುಮ್ಮನಾಗುವುದೇ ಇಲ್ಲ. ಯಾಕೆ ಈ ಅರ್ಧ? ಲೆಕ್ಕ ಮಾಡಿದರೆ ಬರುತ್ತದೆ. ಆ ಲೆಕ್ಕವನ್ನು ನಾನೂ ಬಾಯಿಪಾಠ ಮಾಡಿ ಪಾಸಾದವಳೇ. ಯಾಕೆ ಎಂದು ಯಾರಾದರೂ ಕೇಳಿದರೆ ಮಾತ್ರ ಹತ್ತಿರದಲ್ಲಿ ಬಟ್ಟೆ ಅಂಗಡಿ ಇದೆಯೇ ಎಂದು ಕಣ್ಣು ಹುಡುಕುತ್ತಿತ್ತು.

ಆದರೂ ನಾನು ನೆಮ್ಮದಿಯಾಗಿಯೇ ಇದ್ದೆ. ಯಾಕೆಂದರೆ ನಮ್ಮ ವಿಭಾಗದಲ್ಲಿ ಸಿದ್ರಾಮಪ್ಪ ಸರ್ ಇದ್ದರು. ವಿಭಾಗವೆಂದರೆ ಅವರು ಮತ್ತು ನಾನು, ಅಷ್ಟೇ. ಸರ್ ನನಗಿಂತ ಬಹಳ ಹಿರಿಯರು. ಮನೆ ಕಮಲಾಪುರದಲ್ಲಿ, ದಿನಾ ಬಸ್ಸಿನಲ್ಲಿ ಕಲಬುರಗಿಗೆ ಬಂದು ಪಾಠ ಮಾಡಿ ಹಿಂದಿರುಗುತ್ತಿದ್ದರು. ನಮ್ಮಿಬ್ಬರ ನಡುವೆ ಯಾರೂ ಬಾಯಿಬಿಟ್ಟು ಹೇಳದ ಒಂದು ಒಪ್ಪಂದವಿತ್ತು. ಪ್ರಯೋಗಾಲಯ ನನಗೆ, ಕ್ವಾಂಟಂ ಅವರಿಗೆ. ಅವರಿಗೂ ಉಪಕರಣಗಳಿಗೂ ಎಣ್ಣೆ ಸೀಗೇಕಾಯಿ. “ಮೇಡಂ, ಆ ಮೀಟರ್ ನನ್ನ ಮುಖಾ ನೋಡಿದ್ರ ಸಾಕು ನೋಡ್ರಿ, ಮುಳ್ಳು ಅಲ್ಲೇ ನಿಂತ್‌ಬಿಡ್ತದ” ಎನ್ನುತ್ತಿದ್ದರು. ಆದರೆ ಅದೇ ಮನುಷ್ಯ ಕೈಯಲ್ಲಿ ಸೀಮೆಸುಣ್ಣ ಹಿಡಿದರೆ ಬೇರೆಯೇ ಆಗುತ್ತಿದ್ದರು. ಹಲಗೆಯ ಮೇಲೆ ಒಂದು ಸಾಲು ಬರೆಯುವುದು, ಹುಡುಗರ ಕಡೆ ತಿರುಗಿ “ಹೌದಲ್ಲ?” ಎನ್ನುವುದು, ಮತ್ತೆ ಒಂದು ಸಾಲು, ಮತ್ತೆ “ಹೌದಲ್ಲ?”. ಆ ಹೌದಲ್ಲದಲ್ಲಿ ಒತ್ತಾಯ ಇರುತ್ತಿರಲಿಲ್ಲ. ಕತ್ತಲಲ್ಲಿ ಮುಂದೆ ಹೋಗುವವನು ಹಿಂದಿರುವವರು ಬರುತ್ತಿದ್ದಾರೆಯೇ ಎಂದು ವಿಚಾರಿಸಿದ ಹಾಗೆ ಇರುತ್ತಿತ್ತು. ಪಕ್ಕದ ಕೋಣೆಯಲ್ಲಿ ಲೆನ್ಸು ಒರೆಸುತ್ತ ಕೂತ ನನಗೆ ಆ ದನಿ ಕೇಳಿಸುತ್ತಿತ್ತು, ನನ್ನ ಪಾಲಿನ ಕಷ್ಟವನ್ನು ಅವರು ಹೊತ್ತಿದ್ದಾರೆಂಬ ಸಮಾಧಾನವೂ ಆಗುತ್ತಿತ್ತು.

ಈ ವರ್ಷ, ಸರಿಯಾಗಿ ಆ ಪಾಠ ಶುರುವಾಗುವ ಹೊತ್ತಿಗೆ, ಸರ್‌ಗೆ ಲಕ್ವಾ ಹೊಡೆಯಿತು. ಬೆಳಿಗ್ಗೆ ಸ್ನಾನಕ್ಕೆ ಹೋದವರು ಬಚ್ಚಲಲ್ಲೇ ಕುಸಿದಿದ್ದರು. ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಬಲಗೈ ಬಲಗಾಲು ಸೋತವು, ಮಾತು ಹೋಯಿತು. ಸುದ್ದಿ ಬಂದ ದಿನ ನಮ್ಮ ಕಾಲೇಜಿನಲ್ಲಿ ಯಾರಿಗೂ ಕೆಲಸ ಮಾಡುವ ಮನಸ್ಸಿರಲಿಲ್ಲ. ಆಮೇಲೆ ಪ್ರಿನ್ಸಿಪಾಲರು ನನ್ನನ್ನು ಕರೆದು ಬಹಳ ಮೃದುವಾಗಿ ಹೇಳಿದರು: “ಅವರ ಪಾಠ ಇನ್ನ ನೀವೇ ನೋಡ್ಕೋಬೇಕ್ರಿ ಮೇಡಂ. ಪರೀಕ್ಷಾ ಹತ್ರ ಬಂದವ.” ನನಗೆ ಸರ್‌ಗಾಗಿ ಅಳು ಬಂದಿತ್ತು, ಅದು ನಿಜ. ಆ ಕ್ಷಣದಲ್ಲಿ ಅದರೊಳಗೆ ಸ್ವಲ್ಪ ಭಾಗ ನನಗಾಗಿಯೂ ಸೇರಿಕೊಂಡಿತು ಎಂಬುದೂ ಅಷ್ಟೇ ನಿಜ.

ಮನೆಯಲ್ಲಿ ಪುಸ್ತಕ ಹರಡಿಕೊಂಡು ಕೂತೆ. ಓದಿದ್ದನ್ನು ಯಾರಿಗಾದರೂ ಹೇಳಿದರೆ ತಿಳಿಯುತ್ತದೆಂದು ನನ್ನ ಯಜಮಾನರನ್ನು ಹಿಡಿದು ಕೂರಿಸಿದೆ. ಅವರು ನಂದೂರಿನ ಒಂದು ದಾಲ್ ಮಿಲ್ಲಿನಲ್ಲಿ ಯಂತ್ರಗಳ ಉಸ್ತುವಾರಿ ನೋಡುವವರು. ತೊಗರಿ ಜರಡಿ ಹಿಡಿಯುವ ದೊಡ್ಡ ಯಂತ್ರಗಳು ಇಡೀ ದಿನ ಅಲುಗಾಡುವುದನ್ನು ನೋಡುವವರಿಗೆ ಆಂದೋಲನ ಹೊಸದಲ್ಲ. ನನ್ನ ವಿವರಣೆಯನ್ನೆಲ್ಲ ತಾಳ್ಮೆಯಿಂದ ಕೇಳಿ, “ಸ್ವಿಚ್ ತೆಗೆದ್ರ ನಿಲ್ತದಲ್ಲ?” ಎಂದರು. “ಇಲ್ರಿ, ಇದು ನಿಲ್ಲಂಗೇ ಇಲ್ಲ. ಏನು ಮಾಡಿದ್ರೂ ಜರಾ ಅಲಗಾಡ್ತಿರ್ತದ” ಎಂದೆ. ಅವರು ಗಂಭೀರವಾಗಿ ಯೋಚಿಸಿ, “ಹಂಗಾರ ಅದರಾಗ ಏನೋ ಬಿಗಡಾಯಿಸ್ಯಾದ. ಬಿಚ್ಚಿ ನೋಡ್ಬೇಕು” ಎಂದು ಊಟಕ್ಕೆ ಎದ್ದರು. ಆ ಪಾಠದ ಬಗ್ಗೆ ನನಗಿದ್ದ ತಿಳಿವಳಿಕೆಯೂ ಅದಕ್ಕಿಂತ ಬಹಳ ಮುಂದಕ್ಕೆ ಹೋಗಿರಲಿಲ್ಲ.

ಸರ್ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನಾವು ಸಹೋದ್ಯೋಗಿಗಳೆಲ್ಲ ಸೇರಿ ಒಂದು ಐತವಾರ ಕಮಲಾಪುರಕ್ಕೆ ನೋಡಲು ಹೋದೆವು. ಸರ್ ಪಡಸಾಲೆಯ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ರೋಗಿಯನ್ನು ನೋಡಲು ಹೋದವರು ಹೇಗೆ ನಡೆದುಕೊಳ್ಳುತ್ತಾರೆಂದು ನಿಮಗೆ ಗೊತ್ತಿದೆ. ಮಾತು ಹೋದವರಿಗೆ ಕಿವಿಯೂ ಹೋಗಿದೆಯೆಂಬಂತೆ ಎಲ್ಲರೂ ಕೂಗಿ ಕೂಗಿ ಮಾತನಾಡಿದರು. “ಸರ್, ನಾನ್ರೀ, ಇತಿಹಾಸ! ಗುರ್ತು ಸಿಕ್ತೇನ್ರಿ?” ಎಂದು ಇತಿಹಾಸದ ಮೇಷ್ಟರು ಓಣಿಗೆಲ್ಲ ಕೇಳುವಂತೆ ಕೂಗಿದರು. ಆಮೇಲೆ ಎಲ್ಲರೂ ಸರ್ ಎದುರಿಗೇ ಅವರ ಹೆಂಡತಿ ಶಾಂತಾಬಾಯಿಯವರನ್ನು, “ಊಟ ಮಾಡ್ತಾರೇನ್ರಿ? ನಿದ್ದಿ ಬರ್ತದೇನ್ರಿ?” ಎಂದು ವಿಚಾರಿಸಿದರು. ನಾನೂ ವಿಚಾರಿಸಿದೆ. ಸರ್ ಗೋಡೆಯ ಕಡೆ ಮುಖ ಮಾಡಿದರು.

“ಒಂದೇ ಮಾತು ಉಳದದ ನೋಡ್ರಿ” ಎಂದರು ಶಾಂತಾಬಾಯಿ. “ಹೌದಲ್ಲ ಅನ್ನೋದು. ನೀರು ಬೇಕಂದ್ರೂ ಹೌದಲ್ಲ, ಬ್ಯಾಡಂದ್ರೂ ಹೌದಲ್ಲ. ಡಾಕ್ಟರ್ ಅಂತಾರ, ಭಾಳ ರೂಢಿ ಇದ್ದ ಮಾತು ಹಂಗೇ ಉಳೀತದಂತ. ಇವರಿಗೆ ಏನೂ ತಿಳಿಯಂಗಿಲ್ಲಂತ ಮಂದಿ ತಿಳ್ಕೊಂಡಾರ. ಎಲ್ಲಾ ತಿಳೀತದ್ರಿ. ಅದಕ್ಕೇ ಗ್ವಾಡಿ ಕಡಿ ಮುಖ ಮಾಡ್ತಾರ. ಕೈ ಕಾಲು ತಿಕ್ಕಿ ವ್ಯಾಯಾಮ ಮಾಡಸ್ಲಿಕ್ಕ ಒಬ್ಬರು ಬರ್ತಾರ, ಅವರ ಕೈ ಝಾಡಿಸಿ ಒಗೀತಾರ. ರೊಟ್ಟಿ ಮುಂದಿಟ್ರ ಸರಸ್ತಾರ.” ಅವರ ದನಿ ಅಲ್ಲಿಗೆ ನಿಂತಿತು.

ಎಲ್ಲರೂ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ ಮೇಲೆ ನಾನೊಬ್ಬಳು ಹಿಂದುಳಿದೆ. ಸಮಾಧಾನದ ಮಾತು ಏನಾದರೂ ಹೇಳಬೇಕೆಂದು ಮಂಚದ ಹತ್ತಿರ ಹೋದೆ. ಆದರೆ ಮರುದಿನದ ತರಗತಿ ನನ್ನ ತಲೆಯಲ್ಲಿ ಹೇಗೆ ಕೂತಿತ್ತೆಂದರೆ, ಬಾಯಿಂದ ಬಂದದ್ದು ಬೇರೆಯೇ: “ಸರ್, ಆ ಅರ್ಧ ಯಾಕ್ ಉಳೀತದ್ರಿ?” ಹೇಳಿದ ಮೇಲೆ ನಾಚಿಕೆಯಾಯಿತು. ಹಾಸಿಗೆ ಹಿಡಿದ ಮನುಷ್ಯನ ಮುಂದೆ ಕೇಳುವ ಪ್ರಶ್ನೆಯೇ ಇದು? ಆದರೆ ಸರ್ ಗೋಡೆಯಿಂದ ಮುಖ ತಿರುಗಿಸಿದರು. ನನ್ನನ್ನೇ ನೋಡಿದರು. “ಹೌದಲ್ಲ” ಎಂದರು. ಅದು ಕರುಣೆಯ ದನಿಯಲ್ಲ. ಇಷ್ಟು ದಿನ ಕೇಳಲು ನಿನಗೇನಾಗಿತ್ತು ಎಂಬ ದನಿ.

ಮುಂದಿನ ಐತವಾರ ನಾನೊಬ್ಬಳೇ ಹೋಗುವುದೆಂದು ನಿಶ್ಚಯಿಸಿ ಸೂಪರ್ ಮಾರ್ಕೆಟ್‌ನಲ್ಲಿ ಒಂದು ಪಾಟಿ, ಒಂದು ಡಬ್ಬಿ ಬಳಪ ಕೊಂಡೆ. ಅಂಗಡಿಯವನು ನಗುತ್ತ, “ಮಗು ಅಂಗನವಾಡಿಗೆ ಹೊಂಟದೇನ್ರಿ ಬಾಯೋರ?” ಎಂದ. ಮಗು ನಾನೇ ಎಂದು ಹೇಳಲು ಧೈರ್ಯ ಬರಲಿಲ್ಲ. ಬಸ್ಸಿನಲ್ಲಿ ಪಾಟಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತೆ. ದಾರಿಯುದ್ದಕ್ಕೂ ತೊಗರಿ ಹೂ ಬಿಟ್ಟಿತ್ತು.

ಪಾಟಿಯನ್ನು ನೋಡಿ ಶಾಂತಾಬಾಯಿಯವರಿಗೆ ಅಷ್ಟೇನೂ ಖುಷಿಯಾಗಲಿಲ್ಲ. “ಅವರಿಗೆ ದಣಿವು ಮಾಡಬ್ಯಾಡ್ರಿ” ಎಂದು ಎಚ್ಚರಿಸಿ, ಪಕ್ಕದಲ್ಲೇ ದುಭಾಷಿಯಂತೆ ಕೂತರು. ನಾನು ಸುಲಭದ್ದೆಂದು ತಿಳಿದು ಮೊದಲು ಕೇಳಿದೆ: “ಮೆಟ್ಟಿಲಿನ ಅಂತರ ಎಲ್ಲಾ ಒಂದೇ ಯಾಕ್ರಿ ಸರ್?” ಸರ್ ಸುತ್ತ ನೋಡಿ, ಎಡಗೈಯನ್ನು ಹೆಂಡತಿಯ ಕಡೆ ಚಾಚಿ “ಹೌದಲ್ಲ” ಎಂದರು. “ನೀರು ಬೇಕಂತ” ಎಂದು ಶಾಂತಾಬಾಯಿ ಎದ್ದು ನೀರು ತಂದರು. ಸರ್ ತಲೆ ಅಲ್ಲಾಡಿಸಿ ಇನ್ನೂ ಜೋರಾಗಿ “ಹೌದಲ್ಲ!” ಎಂದರು. “ಚಳಿ ಆಗ್ಲಾಕತ್ತದಂತ” ಎಂದು ಶಾಲು ಬಂತು. ಸರ್ ಶಾಲನ್ನು ತಳ್ಳಿದರು. ಕೊನೆಗೆ ಅವರ ಬೆರಳು ಶಾಂತಾಬಾಯಿಯವರ ಸೊಂಟದಲ್ಲಿ ಸಿಕ್ಕಿಸಿದ್ದ ಕೀಲಿಗೊಂಚಲನ್ನು ಮುಟ್ಟಿತು. “ಕಪಾಟಿನ ಕೀಲಿ ಯಾಕ್ರಿ ನಿಮಗ? ಕಪಾಟಿನ್ಯಾಗ ಏನ್ ಇಟ್ಟೀರಿ?” ಎಂದು ಅವರು ಗಾಬರಿಯಿಂದ ಕೊಟ್ಟರು. ಸರ್ ಅದರ ದಾರ ಹಿಡಿದು ಇಳಿಬಿಟ್ಟು ಮೆಲ್ಲಗೆ ತೂಗಿದರು. ಗೊಂಚಲು ಈ ಕೊನೆಗೆ ಬಂದಾಗಲೆಲ್ಲ “ಹೌದಲ್ಲ” ಎಂದರು. ಆಮೇಲೆ ಸ್ವಲ್ಪ ಅಗಲವಾಗಿ ತೂಗಿದರು. ಮತ್ತೆ “ಹೌದಲ್ಲ”, “ಹೌದಲ್ಲ”. ತೂಗು ದೊಡ್ಡದಾಯಿತು, ಆದರೆ ಹೌದಲ್ಲಗಳ ನಡುವಿನ ಹೊತ್ತು ಬದಲಾಗಲಿಲ್ಲ.

“ತೂಗು ಸಣ್ಣದಿರಲಿ ದೊಡ್ಡದಿರಲಿ, ಹೋಗಿ ಬರೋ ಹೊತ್ತು ಒಂದೇ. ಮೆಟ್ಟಿಲಿನ ಅಂತರ ಹುಟ್ಟೋದು ಆ ಹೊತ್ತಿನಿಂದನೇ. ಅದಕ್ಕೇ ಎಲ್ಲಾ ಮೆಟ್ಟಿಲೂ ಸಮ” ಎಂದೆ ನಾನು, ಹೇಳುತ್ತ ಹೇಳುತ್ತ ನನಗೇ ತಿಳಿಯುತ್ತಿತ್ತು. ಈ ಎರಡು ವಿಷಯಗಳನ್ನು ನಾನು ಎರಡು ಬೇರೆ ಪುಸ್ತಕಗಳಲ್ಲಿ ಓದಿದ್ದೆ. ಅವು ಒಂದನ್ನೊಂದು ಮಾತನಾಡಿಸುತ್ತವೆಂದು ಗೊತ್ತಿರಲಿಲ್ಲ. ಸರ್ ಕೀಲಿ ಹಿಂದಿರುಗಿಸಿದರು. ಶಾಂತಾಬಾಯಿ ಅದನ್ನು ಎರಡು ಸಲ ನೋಡಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಇದರಲ್ಲಿ ದುಭಾಷಿಗೆ ಕೆಲಸವಿಲ್ಲವೆಂದು ಒಳಗೆ ಹೋದರು.

ಅರ್ಧದ ಸರದಿ ಬಂತು. ಸರ್ ಎಡಗೈಯಿಂದ ಪಾಟಿಯ ಮೇಲೆ ಬಟ್ಟಲಿನಂತೆ ಒಂದು ಗೆರೆ ಎಳೆದರು. ಗೆರೆ ನಡುಗಿತು, ಜೀವಮಾನವಿಡೀ ಬಲಗೈಯಲ್ಲಿ ಅಂಕುಡೊಂಕಿಲ್ಲದೆ ಬರೆದವರು ಅದನ್ನು ನೋಡಿ ಸಿಟ್ಟಿನಿಂದ ಬಳಪವನ್ನು ನೆಲಕ್ಕೆ ಎಸೆದರು. ನಾನು ಇನ್ನೊಂದು ಬಳಪ ಕೊಟ್ಟೆ. ಬಟ್ಟಲಿನ ತಳದಲ್ಲಿ ಒಂದು ಚುಕ್ಕೆ ಇಟ್ಟು, “ಇಲ್ಲೇ ಸುಮ್ನ ಕೂಡಸ್ರಿ ಸರ್. ಆಗ ಶಕ್ತಿ ಸೊನ್ನೆ ಆಗ್ಬೇಕಲ್ಲ?” ಎಂದೆ. ಅವರು ಚುಕ್ಕೆಯನ್ನು ಒರೆಸಿದರು. ಅಲ್ಲಿ ಕಣ ಸಿಗಬಹುದಾದ ಜಾಗ ತೋರಿಸುವ ಒಂದು ಕಿರಿದಾದ ದಿಬ್ಬ ಬರೆದು, ಪಕ್ಕದಲ್ಲಿ ಅದರ ಓಡಾಟಕ್ಕೆಂದು ಒತ್ತೊತ್ತಾಗಿ ಅಲೆ ಗೀಚಿದರು. ಆಮೇಲೆ ಒಂದು ಅಗಲವಾದ ದಿಬ್ಬ ಬರೆದರು. ಅದು ಬಟ್ಟಲಿನ ಎರಡೂ ಗೋಡೆಗಳನ್ನು ಏರಿತ್ತು. ಅದರ ಪಕ್ಕದಲ್ಲಿ ಅಲೆ ಮೆತ್ತಗಿತ್ತು. ಬಳಪ ಇಟ್ಟು ನನ್ನ ಮುಖ ನೋಡಿದರು.

ನಾನು ಬಹಳ ಹೊತ್ತು ನೋಡಿದೆ. ಬೀದಿಯಲ್ಲಿ ಯಾರೋ ಕೆಂಪು ಬಾಳೆಹಣ್ಣು ಕೂಗಿಕೊಂಡು ಹೋದರು. “ಇಕ್ಕಟ್ಟಿನ್ಯಾಗ ಹಿಡಿದಿಟ್ರ ಅದರ ಓಡಾಟ ಜೋರಾಗ್ತದ” ಎಂದೆ ನಿಧಾನವಾಗಿ. “ಓಡಾಟ ಕಡಿಮಿ ಆಗ್ಲಿ ಅಂದ್ರ ಅದು ಅಗಲಕ್ಕ ಹರಡ್ತದ, ಹರಡಿದ್ರ ಗ್ವಾಡಿ ಏರ್ತದ, ಆಗೂ ಶಕ್ತಿ ಬೇಕು. ಎರಡೂ ಕೂಡಿಯೇ ಸೊನ್ನೆ ಆಗ್ಲಿಕ್ಕ ಬರಂಗಿಲ್ಲ. ಎರಡಕ್ಕೂ ನಡುವ ಹೊಂದಾಣಿಕಿ ಮಾಡಿದ್ರ, ಕಡೀಕ ಉಳಿಯೋದೇ ಆ ಅರ್ಧ.”

“ಹೌದಲ್ಲ” ಎಂದರು ಸರ್. ಅದು ಪಕ್ಕದ ಕೋಣೆಯಿಂದ ನಾನು ಕೇಳುತ್ತಿದ್ದ ದನಿ, ಒಂದಿಷ್ಟೂ ಬದಲಾಗಿರಲಿಲ್ಲ. ನಾನು ತಲೆ ಎತ್ತಿ ನೋಡಿದರೆ ಅವರ ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಬಲಗೈ ಎತ್ತಲು ಹೋದರು, ಏಳಲಿಲ್ಲ. ಆಗ ಬಿಕ್ಕಿ ಬಿಕ್ಕಿ ಅತ್ತರು. ಒಳಗಿಂದ ಶಾಂತಾಬಾಯಿ ಓಡಿಬಂದು, “ಏನಂದ್ರಿ ಇವರಿಗೆ ನೀವು?” ಎಂದು ನನ್ನ ಮೇಲೆ ಹರಿಹಾಯ್ದರು. “ಪಾಠ... ಪಾಠ ಕೇಳ್ಲಾಕತ್ತಿದ್ದೆ” ಎಂದು ನಾನು ತೊದಲಿದೆ. ಅವರು ಪಾಟಿಯನ್ನೂ ಗಂಡನ ಮುಖವನ್ನೂ ನೋಡಿದರು. ಸೆರಗಿನಿಂದ ಅವರ ಮುಖ ಒರೆಸಿ ಹೇಳಿದರು: “ಬಿದ್ದಾಗಿಂದ ಅತ್ತಿದ್ದೇ ಇಲ್ಲ ಇವರು. ಅಳ್ಲಿ ಬಿಡ್ರಿ ತಂಗಿ.” ಅಲ್ಲಿಂದ ನಾನು ಅವರಿಗೆ ಮೇಡಂ ಹೋಗಿ ತಂಗಿಯಾದೆ. ಮರುದಿನ ಫೋನು ಮಾಡಿದರು: ರಾತ್ರಿ ಒಂದು ರೊಟ್ಟಿ ಪೂರ್ತಿ ತಿಂದರಂತೆ. ವ್ಯಾಯಾಮದವರು ಬಂದಾಗ ತಾವಾಗಿಯೇ ಕೈ ಮುಂದೆ ಮಾಡಿದರಂತೆ.

ಹೀಗೆ ನಾನು ಐತವಾರ ಕಲಿಯುವುದು, ವಾರದಲ್ಲಿ ಕಲಿಸುವುದು ಶುರುವಾಯಿತು. ಕೆಳಗಿನ ಮೆಟ್ಟಿಲಲ್ಲಿರುವ ಕಣ ನಡುವೆಯೇ ಹೆಚ್ಚಾಗಿ ಸಿಗುತ್ತದೆ, ಆದರೆ ಜೋಕಾಲಿ ಎರಡು ತುದಿಗಳಲ್ಲೇ ಹೆಚ್ಚು ಹೊತ್ತು ತಡೆಯುತ್ತದೆ. ಮೆಟ್ಟಿಲು ಏರುತ್ತ ಹೋದಂತೆ ಕಣವೂ ಜೋಕಾಲಿಯಂತಾಗುತ್ತ ಹೋಗುತ್ತದೆ. ತನ್ನ ಶಕ್ತಿಗೆ ಮೀರಿದ ಗೋಡೆಯಾಚೆಗೂ ಅದು ಒಂದಿಷ್ಟು ಇಣುಕುತ್ತದೆ. ಇದನ್ನೆಲ್ಲ ನಾನು ತರಗತಿಯಲ್ಲಿ ಪಾಟಿಯ ಚಿತ್ರಗಳನ್ನೇ ಬರೆದು ಹೇಳಿದೆ. ನನಗೆ ಅರಿವಿಲ್ಲದೆ ಒಂದು ಸಲ “ಹೌದಲ್ಲ?” ಎಂದುಬಿಟ್ಟೆ. ಹುಡುಗರು ನಗಲಿಲ್ಲ.

ಹೀಗೆ ಹೆಚ್ಚಿದ ಧೈರ್ಯವೇ ನನ್ನನ್ನು ತೊಂದರೆಗೆ ಸಿಕ್ಕಿಸಿತು. ಮುಂದಿನ ಬೆಂಚಿನ ಭಾಗ್ಯಶ್ರೀ ಎಂಬ ಹುಡುಗಿ ಎದ್ದು ಕೇಳಿದಳು: “ಮೇಡಂ, ಆ ಅರ್ಧ ಹೊರಗ ತೆಗೀಲಿಕ್ಕ ಬರ್ತದೇನ್ರಿ? ಎಲ್ಲಾ ಅಣುವಿನ್ಯಾಗೂ ಅದ ಅಂತೀರಿ. ನಮ್ಮೂರಾಗ ಕರೆಂಟೇ ಇರಂಗಿಲ್ರಿ, ಒಂದು ಬಲ್ಬ್‌ಗಾದ್ರೂ ಆಗ್ತದ.” ಎಲ್ಲರೂ ನಕ್ಕರು. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳಿದ್ದರೆ ಸಾಕಿತ್ತು. ಆದರೆ ಚೆನ್ನಾಗಿ ಪಾಠ ಮಾಡುತ್ತಿದ್ದೇನೆಂಬ ಅಮಲು ಏರಿತ್ತು. ಕನ್ನಡಕ ಸರಿಮಾಡಿಕೊಂಡು, “ಇವತ್ತಿನ ತಂತ್ರಜ್ಞಾನಕ್ಕ ಅದು ಸಾಧ್ಯ ಆಗಿಲ್ಲ. ಮುಂದ ನಿಮ್ಮಂಥವರು ಸಂಶೋಧನಾ ಮಾಡಿ ತೆಗೀಬಹುದು” ಎಂದೆ. ಬಹಳ ಸ್ಫೂರ್ತಿದಾಯಕವಾಗಿ ಹೇಳಿದೆನೆಂದು ನನಗನಿಸಿತು. ಹುಡುಗಿ ಕಣ್ಣರಳಿಸಿ ಕೂತಳು.

ಆ ಐತವಾರ ಸರ್ ಕುರ್ಚಿಯಲ್ಲಿ ಕೂತಿದ್ದರು. ಶಾಂತಾಬಾಯಿ ಚಹಾದ ತಾಟು ಹಿಡಿದು ಬರುತ್ತಿದ್ದರು. ನಾನು ವಾರದ ವರದಿಯನ್ನು ಉತ್ಸಾಹದಿಂದ ಒಪ್ಪಿಸುತ್ತ ಭಾಗ್ಯಶ್ರೀಯ ಬಲ್ಬಿಗೆ ಬಂದೆ. ನಾನು ಕೊಟ್ಟ ಉತ್ತರವನ್ನೂ ಅದೇ ಸ್ಫೂರ್ತಿಯಿಂದ ಹೇಳಿದೆ. ಸರ್ ಮುಖ ಕೆಂಪಾಯಿತು. ಕುರ್ಚಿಯ ಕೈ ಹಿಡಿದು ಮುಂದಕ್ಕೆ ಬಾಗಿದರು. ನನಗೆ ಹೆದರಿಕೆಯಾಯಿತು, ಮತ್ತೆ ಏನಾದರೂ ಆಯಿತೇ ಎಂದು ಎದ್ದು ನಿಂತೆ. ಅವರ ತುಟಿ ಒಂದು ಕಡೆ ಎಳೆಯಿತು, ಗಂಟಲು ಉಬ್ಬಿತು, ಏನೋ ಒಳಗಿಂದ ಮೇಲೆ ಬರಲು ಗುದ್ದಾಡಿತು.

“ತ...” ಎಂದರು. “ತಪ್ಪು.”

ಶಾಂತಾಬಾಯಿ ಇದ್ದಲ್ಲೇ ನಿಂತರು. ತಾಟನ್ನು ನೆಲದ ಮೇಲೆ ಇಟ್ಟು, ಅಲ್ಲೇ ಕುಳಿತು, “ಏನಂದ್ರಿ? ಇನ್ನೊಮ್ಮೆ ಅನ್ರಿ” ಎಂದರು. ಸರ್ ಅವರನ್ನು ನೋಡಿದರು. ಬಾಯಿ ತೆರೆದರು, “ಹೌದಲ್ಲ” ಎಂದೇ ಬಂತು. ಆಮೇಲೆ ನನ್ನ ಕಡೆ ತಿರುಗಿದರು. “ತಪ್ಪು” ಎಂದರು, ಈ ಸಲ ಒಡಕಿಲ್ಲದೆ. ಪಾಟಿ ಎಳೆದುಕೊಂಡು ಏಣಿ ಬರೆದು, ಕೊನೆಯ ಮೆಟ್ಟಿಲಿನ ಕೆಳಗೆ ಬೆರಳಿಟ್ಟು, ಏನೂ ಇಲ್ಲವೆಂಬಂತೆ ಉದ್ದಕ್ಕೂ ಒರೆಸಿದರು. ಶಕ್ತಿ ಬಿಟ್ಟುಕೊಡಬೇಕಾದರೆ ಒಂದು ಮೆಟ್ಟಿಲು ಕೆಳಗಿಳಿಯಬೇಕು. ಇಳಿಯಲು ಕೆಳಗೆ ಮೆಟ್ಟಿಲೇ ಇಲ್ಲ. ತೆಗೆಯುವ ಮಾತು ಎಲ್ಲಿಂದ ಬಂತು? ಅಷ್ಟು ಸರಳ. ನಾನು ತಲೆ ತಗ್ಗಿಸಿದೆ. ಆದರೆ ಶಾಂತಾಬಾಯಿ ಗಂಡನ ಮೊಣಕಾಲ ಮೇಲೆ ತಲೆಯಿಟ್ಟು ಅಳುತ್ತಿದ್ದರು, ನಗುತ್ತಲೂ ಇದ್ದರು. ನನ್ನ ಕಣ್ಣಲ್ಲೂ ನೀರು ಬಂತು. ಇಷ್ಟು ಸಂತೋಷದಿಂದ ಬೈಸಿಕೊಂಡದ್ದು ನನಗೆ ನೆನಪಿಲ್ಲ.

ಸರ್ ಪೂರ್ತಿ ಗುಣವಾದರೆಂದು ನಾನು ಹೇಳಲಾರೆ. ಅವರು ಮತ್ತೆ ಕಾಲೇಜಿಗೆ ಬರುವುದಿಲ್ಲ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಕೋಲು ಹಿಡಿದು ಮನೆಯೊಳಗೆ ಓಡಾಡುತ್ತಾರೆ. ಮಾತುಗಳು ಒಂದೊಂದಾಗಿ ಬರುತ್ತವೆ, ಕೆಲವು ಬಂದು ಮತ್ತೆ ಹೋಗುತ್ತವೆ. ಆದರೆ “ತಪ್ಪು” ಎಂದ ಆ ದಿನ ಸಂಜೆಯೊಳಗೆ ಶಾಂತಾಬಾಯಿ ನೆಂಟರಿಗೆಲ್ಲ ಫೋನು ಮಾಡಿದರು. ನೆರೆಯವರೆಲ್ಲ ಬಂದು ಪಡಸಾಲೆಯಲ್ಲಿ ನೆರೆದರು. ಪ್ರತಿಯೊಬ್ಬರಿಗೂ ಅವರು ಹೇಳಿದ್ದು ಒಂದೇ: “ಈ ಮೇಡಂ ಭೌತಶಾಸ್ತ್ರದಾಗ ಏನೋ ಒಂದು ಮಾತು ಹೇಳಿದ್ರು ನೋಡ್ರಿ, ಇವರು ತಪ್ಪು ಅಂದ್ರು! ಎಷ್ಟ್ ಸ್ವಚ್ಛ ಅಂದ್ರು!” ಬಂದವರೆಲ್ಲ ಸರ್‌ಗೆ ಕೈಮುಗಿದು ನನ್ನ ಕಡೆ ಕೃತಜ್ಞತೆಯಿಂದ ನೋಡಿದರು. ಓಣಿಯ ಮುದುಕಿಯೊಬ್ಬಳು ನನ್ನ ಗಲ್ಲ ಸವರಿ, “ನಿನ್ನ ಬಾಯಿ ತಣ್ಣಗಿರ್ಲಿ ಅವ್ವ” ಎಂದು ಹರಸಿದಳು.

ಬಸ್ ನಿಲ್ದಾಣದವರೆಗೆ ಶಾಂತಾಬಾಯಿ ಕಳಿಸಲು ಬಂದರು. ಮರುದಿನ ಭಾಗ್ಯಶ್ರೀಗೆ ಏನು ಹೇಳಬೇಕೆಂದು ನಾನು ಒಳಗೊಳಗೇ ಮಾತು ಜೋಡಿಸುತ್ತಿದ್ದೆ. ಬಸ್ ಬಂದಾಗ ಅವರು ನನ್ನ ಕೈ ಹಿಡಿದು, ಬಹಳ ಸಂಕೋಚದಿಂದ, ಕೈಸಾಲ ಕೇಳುವವರಂತೆ ಕೇಳಿದರು: “ತಂಗಿ, ಬರೋ ಐತವಾರನೂ ಬರ್ತೀರಲ್ಲ? ಏನಾರ ಒಂದು ತಪ್ಪು ಹುಡುಕಿಟ್ಕೊಂಡು ಬರ್ರಿ. ಜರಾ ದೊಡ್ಡದೇ ಇರ್ಲಿ.”

ಅದಕ್ಕೆ ಹುಡುಕುವ ತಕಲೀಫ್ ಏನೂ ಇಲ್ಲ ಅಕ್ಕಾ, ವರ್ಷಕ್ಕೆ ಸಾಲುವಷ್ಟು ನನ್ನಲ್ಲಿ ತಯಾರೇ ಇವೆ ಎಂದು ಧೈರ್ಯ ಹೇಳಿ ನಾನು ಬಸ್ ಹತ್ತಿದೆ.